ಇತಿಹಾಸ ಓದಿದ ಗಿರಣಿ ಮಾಲೀಕ

ಮೇ ತಿಂಗಳ ಕೊನೆ ಹಾಗೂ ಜೂನ್ ತಿಂಗಳ ಆರಂಭವೆಂದರೆ ನಮ್ಮ ವರ್ತಕರ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ಬಂದು ಕೂರುವ ಕಾಲ. ಮಳೆ ಹೇಗಾಗುವುದೋ, ಅದನ್ನು ನಂಬಿದ ವ್ಯಾಪಾರ ಹೇಗಾಗುವುದೋ ಎಂಬುದು ಒಂದು. ಮಕ್ಕಳನ್ನು ಯಾವ ಕಾಲೇಜಿಗೆ, ಯಾವ ಕೋರ್ಸಿಗೆ ಸೇರಿಸುವುದು ಎಂಬುದು ಮತ್ತೊಂದು. ಮಳೆಯ ವಿಷಯದಲ್ಲಿ ನಾವು ವಿನಯವಂತರು. ಅದು ನಮ್ಮ ಕೈಯಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ ಎಲ್ಲವೂ ನಮಗೆ ಗೊತ್ತೆಂಬ ಧೈರ್ಯದಿಂದ ತೀರ್ಮಾನ ಮಾಡುತ್ತೇವೆ.

ಇತ್ತೀಚೆಗೆ ಸಭೆಯೊಂದು ಮುಗಿದ ಬಳಿಕ ಚಹಾ ಕುಡಿಯುತ್ತ ನಿಂತಿದ್ದಾಗ ಬೇಳೆ ಗಿರಣಿ ನಡೆಸುವ ಸದಸ್ಯರೊಬ್ಬರು ತಮ್ಮ ಸಂಕಟ ತೋಡಿಕೊಂಡರು. ಅವರ ಮಗಳು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಾಳೆ. ಬಿ.ಕಾಂ. ಓದಿ ಗಿರಣಿಯ ಲೆಕ್ಕಪತ್ರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ, ಬಿ.ಎ.ಯಲ್ಲಿ ಇತಿಹಾಸ ಓದಬೇಕೆಂಬುದು ಮಗಳ ಹಟ. “ಬೇಳೆ ಮಿಲ್ಲಿನಲ್ಲಿ ಇತಿಹಾಸಕ್ಕೇನು ಕೆಲಸ?” ಎಂದು ಅವರು ಕೇಳಿದಾಗ ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಮರಳುವ ದಾರಿಯಲ್ಲಿ ಮಾತ್ರ, ಇತಿಹಾಸವನ್ನೇ ಓದಿ ಪದವಿ ಪಡೆದು, ಹಿಟ್ಟಿನ ಗಿರಣಿಯಲ್ಲಿ ಕೆಲಸ ಆರಂಭಿಸಿ, ಕಡೆಗೆ ತನ್ನ ದೇಶದ ಉಪಾಧ್ಯಕ್ಷ ಸ್ಥಾನಕ್ಕೇರಿದ ಒಬ್ಬ ಉದ್ಯಮಿಯ ನೆನಪಾಯಿತು. ಆತ ಚೀನಾ ದೇಶದ ರೊಂಗ್ ಯಿರೆನ್. ಆತ ಓದಿದ್ದು ಶಾಂಘೈ ನಗರದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ಎಂಬ ಕ್ರೈಸ್ತ ವಿದ್ಯಾಸಂಸ್ಥೆಯಲ್ಲಿ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಆ ಸಂಸ್ಥೆಯ ಹಾಗೂ ಅಲ್ಲಿ ಕಲಿತವರ ಕಥೆಯ ಮೂಲಕ ಇಲ್ಲಿ ಕೊಡಲು ಯತ್ನಿಸಿದ್ದೇನೆ.

ವ್ಯಾಪಾರದ ಊರಿನ ವಿದ್ಯಾಲಯ

ಸೇಂಟ್ ಜಾನ್ಸ್ ಸ್ಥಾಪನೆಯಾದದ್ದು 1879ರಲ್ಲಿ, ಒಂದು ಕಾಲೇಜಿನ ರೂಪದಲ್ಲಿ. ಸ್ಥಾಪಿಸಿದವರು ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಬಿಷಪ್ ಸ್ಯಾಮ್ಯುಯಲ್ ಶೆರೆಶೆವ್‌ಸ್ಕಿ. ಲಿಥುವೇನಿಯಾದ ಯಹೂದಿ ಮನೆತನದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಕ್ರೈಸ್ತ ಪಾದ್ರಿಯಾಗಿ, ಬಳಿಕ ಚೀನಾಕ್ಕೆ ಬಂದ ವಿದ್ವಾಂಸರು ಅವರು. ಸ್ಥಾಪನೆಯ ಕೆಲವೇ ವರ್ಷಗಳಲ್ಲಿ ಪಾರ್ಶ್ವವಾಯುವಿಗೆ ತುತ್ತಾದರೂ ಬೆರಳಚ್ಚು ಯಂತ್ರದ ಮೇಲೆ ಒಂದೆರಡು ಬೆರಳುಗಳನ್ನಷ್ಟೇ ಆಡಿಸುತ್ತ ಬೈಬಲ್ಲಿನ ಚೀನೀ ಅನುವಾದವನ್ನು ಮುಂದುವರಿಸಿದ ಛಲಗಾರರು.

ಆರಂಭದಲ್ಲಿ ಪಾಠಗಳು ಚೀನೀ ಭಾಷೆಯಲ್ಲಿಯೇ ನಡೆಯುತ್ತಿದ್ದವು. ಆದರೆ ಶಾಂಘೈ ಬಂದರು ಪಟ್ಟಣ. ವಿದೇಶೀ ಕಂಪನಿಗಳ ಗುಮಾಸ್ತರಿಗೆ, ದಲಾಲರಿಗೆ, ಸುಂಕದ ಕಟ್ಟೆಯ ನೌಕರರಿಗೆ ಇಂಗ್ಲಿಷ್ ಬೇಕಾಗಿತ್ತು. ಊರಿನ ವರ್ತಕರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕೆಂದು ಬಯಸಿದರು. 1881ರಲ್ಲಿ ಇಂಗ್ಲಿಷ್ ವಿಭಾಗ ಆರಂಭವಾಯಿತು. 1888ರಲ್ಲಿ ಸಂಸ್ಥೆಯ ಮುಖ್ಯಸ್ಥರಾದ ಫ್ರಾನ್ಸಿಸ್ ಹಾಕ್ಸ್ ಪಾಟ್ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ನಡೆಸಿ, ಬಹುತೇಕ ಎಲ್ಲ ಪಾಠಗಳೂ ಇಂಗ್ಲಿಷಿನಲ್ಲಿ ನಡೆಯುವಂತೆ ಮಾಡಿದರು. 1905ರಲ್ಲಿ ಅದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಕಾನೂನಿನನ್ವಯ ನೋಂದಣಿಯಾಗಿ, ಪದವಿ ನೀಡುವ ಅಧಿಕಾರವುಳ್ಳ ವಿಶ್ವವಿದ್ಯಾಲಯವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಂಸ್ಥೆ ನಡೆಸಿದ ಮಿಷನರಿಗಳಿಗೆ ಒಂದು ಲೆಕ್ಕವಿತ್ತು: ಪಾದ್ರಿಗಳೂ ಉಪಾಧ್ಯಾಯರೂ ತಯಾರಾಗಬೇಕು. ಶುಲ್ಕ ತೆತ್ತ ವರ್ತಕರಿಗೆ ಇನ್ನೊಂದು ಲೆಕ್ಕವಿತ್ತು: ಇಂಗ್ಲಿಷ್ ಬಲ್ಲ ಮಗ ಅಂಗಡಿಗೆ, ಕಂಪನಿಗೆ ಒದಗಬೇಕು. ಎರಡೂ ಲೆಕ್ಕಗಳು ಸ್ವಲ್ಪಮಟ್ಟಿಗೆ ಕೂಡಿಬಂದವು, ಬಹುಮಟ್ಟಿಗೆ ತಪ್ಪಿದವು. ಅಲ್ಲಿ ಕಲಿತವರು ಈ ಇಬ್ಬರೂ ಊಹಿಸದ ಕ್ಷೇತ್ರಗಳಿಗೆಲ್ಲ ಹೋದರು. ತಪ್ಪಿದ ಈ ಲೆಕ್ಕದಲ್ಲಿಯೇ ಲಾಭವಿತ್ತೆಂಬುದು ನನ್ನ ಅಭಿಪ್ರಾಯ.

ಒಂದೇ ಹೆಬ್ಬಾಗಿಲು, ಹಲವು ದಾರಿ

ವೆಲಿಂಗ್ಟನ್ ಕೂ ಅವರು ಇಲ್ಲಿ ಕೆಲವು ವರ್ಷ ಓದಿ, ಬಳಿಕ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ಶಾಂಡೊಂಗ್ ಪ್ರಾಂತವನ್ನು ಚೀನಾಕ್ಕೆ ಮರಳಿಸಬೇಕೆಂದು ದೊಡ್ಡ ರಾಷ್ಟ್ರಗಳ ಮುಂದೆ ವಾದಿಸಿದವರು ಅವರು. ಬೇಡಿಕೆ ಈಡೇರದಿದ್ದಾಗ ಚೀನಾ ಆ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿತು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಮೊದಲ ಸಹಿ ಬಿದ್ದದ್ದು ಅವರ ಕೈಯಿಂದ. 1957ರಿಂದ 1967ರವರೆಗೆ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು.

ಟಿ.ವಿ. ಸೂಂಗ್ ಅವರು ಸೇಂಟ್ ಜಾನ್ಸ್‌ನಿಂದ ಹಾರ್ವರ್ಡಿಗೆ ಹೋಗಿ ಅರ್ಥಶಾಸ್ತ್ರ ಕಲಿತು ಬಂದು ಹಣಕಾಸು ಸಚಿವರಾದರು. ತನ್ನ ಆಮದು ಸುಂಕವನ್ನು ತಾನೇ ಗೊತ್ತುಪಡಿಸುವ ಹಕ್ಕನ್ನು ಚೀನಾ ಹತ್ತೊಂಬತ್ತನೆಯ ಶತಮಾನದ ಒಪ್ಪಂದಗಳಲ್ಲಿ ಕಳೆದುಕೊಂಡಿತ್ತು. ಆ ಹಕ್ಕನ್ನು ಮರಳಿ ಪಡೆಯುವ ದಾರಿಯಲ್ಲಿ ಅಮೆರಿಕದೊಡನೆ 1928ರಲ್ಲಿ ಆದ ಒಪ್ಪಂದಕ್ಕೆ ಸಹಿ ಹಾಕಿದವರು ಸೂಂಗ್. ಸುಂಕದ ದರ ಶೇಕಡಾ ಒಂದರಷ್ಟು ಏರಿಳಿದರೂ ನಿದ್ದೆಗೆಡುವ ನಮಗೆ ಆ ಸಹಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯ ಯೆನ್ ಫುಚಿಂಗ್ ಅವರು ಇಲ್ಲಿಂದ ಹೊರಟು 1909ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ಚಾಂಗ್‌ಶಾ ನಗರದಲ್ಲಿಯೂ ಬಳಿಕ ಶಾಂಘೈಯಲ್ಲಿಯೂ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದರು. 1949ರಲ್ಲಿ ಪದವಿ ಪಡೆದ ರೇಮಂಡ್ ಚೌ ಪತ್ರಿಕೋದ್ಯಮ ಕಲಿತು, ಹಾಂಗ್‌ಕಾಂಗಿಗೆ ಹೋಗಿ, 1970ರಲ್ಲಿ ಗೋಲ್ಡನ್ ಹಾರ್ವೆಸ್ಟ್ ಎಂಬ ಚಲನಚಿತ್ರ ಸಂಸ್ಥೆಯನ್ನು ಆರಂಭಿಸಿದರು. ಬ್ರೂಸ್ ಲೀಯನ್ನು ಬೆಳ್ಳಿತೆರೆಯ ನಾಯಕನನ್ನಾಗಿ ಜಗತ್ತಿಗೆ ಪರಿಚಯಿಸಿದ್ದು ಈ ಸಂಸ್ಥೆಯೇ.

ಪತ್ರಕರ್ತ ಝೌ ತಾವೊಫೆನ್ ಅವರ ಕಥೆ ನಮ್ಮ ಸಮಸ್ಯೆಗೆ ಇನ್ನೂ ಹತ್ತಿರದ್ದು. ಮಗ ಎಂಜಿನಿಯರ್ ಆಗಬೇಕೆಂದು ತಂದೆಯ ಇಚ್ಛೆ. ಅದರಂತೆ ಶಾಂಘೈಯ ಬೇರೊಂದು ಹೆಸರಾಂತ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ತರಗತಿಯವರೆಗೆ ಓದಿದರು. ಆದರೆ ಗಣಿತವೂ ಯಂತ್ರಗಳೂ ತಮ್ಮ ಮನಸ್ಸಿಗೆ ಒಗ್ಗುವುದಿಲ್ಲವೆಂದು ಅರಿತು, ಸೇಂಟ್ ಜಾನ್ಸ್‌ನ ಕಲಾ ವಿಭಾಗಕ್ಕೆ ಬಂದು 1921ರಲ್ಲಿ ಪದವೀಧರರಾದರು. ವೃತ್ತಿ ಶಿಕ್ಷಣ ಸಂಘವೊಂದು ಹೊರಡಿಸುತ್ತಿದ್ದ ಸಣ್ಣ ವಾರಪತ್ರಿಕೆಯ ಸಂಪಾದಕತ್ವ 1926ರಲ್ಲಿ ಅವರ ಕೈಗೆ ಬಂತು. ಓದುಗರ ಪತ್ರಗಳಿಗೆ ಶ್ರದ್ಧೆಯಿಂದ ಉತ್ತರ ಬರೆಯುತ್ತ, ಕೆಲವೇ ವರ್ಷಗಳಲ್ಲಿ ಅದರ ಪ್ರಸಾರವನ್ನು ಒಂದು ಲಕ್ಷಕ್ಕೂ ಮೇಲೆ ಏರಿಸಿದರು. ಒಲ್ಲದ ಮನಸ್ಸಿನ ಒಬ್ಬ ಎಂಜಿನಿಯರನನ್ನು ಕಳೆದುಕೊಂಡ ಚೀನಾ ತನ್ನ ಅತ್ಯುತ್ತಮ ಸಂಪಾದಕರಲ್ಲೊಬ್ಬನನ್ನು ಪಡೆಯಿತು.

ರಾಜತಾಂತ್ರಿಕ, ಸಚಿವ, ವೈದ್ಯ, ಚಿತ್ರ ನಿರ್ಮಾಪಕ, ಸಂಪಾದಕ. ಇವರೆಲ್ಲರೂ ಒಂದೇ ಹೆಬ್ಬಾಗಿಲಿನಿಂದ ಹೊರಬಂದವರು. ಒಂದೇ ಉದ್ಯೋಗಕ್ಕೆ ಜನರನ್ನು ಎರಕ ಹೊಯ್ಯುವ ಸಂಸ್ಥೆಯಿಂದ ಇಷ್ಟೊಂದು ಬಗೆಯ ಬಾಳುಗಳು ಹೊರಡುವುದು ಕಷ್ಟ.

ಗಿರಣಿ ಮನೆತನದ ಮಗ

ಈಗ ರೊಂಗ್ ಯಿರೆನ್ ಅವರ ಕಥೆಗೆ ಬರೋಣ. ಅವರು 1916ರಲ್ಲಿ ಹುಟ್ಟಿದ್ದು ಶಾಂಘೈಗೆ ಹತ್ತಿರದ ವೂಶಿ ಪಟ್ಟಣದಲ್ಲಿ. ತಂದೆ ಹಾಗೂ ದೊಡ್ಡಪ್ಪ ಹಣ ವಿನಿಮಯದ ಸಣ್ಣ ಅಂಗಡಿಯಿಂದ ಆರಂಭಿಸಿ, ಹಿಟ್ಟಿನ ಗಿರಣಿಗಳನ್ನೂ ಆಮೇಲೆ ಹತ್ತಿಯ ಗಿರಣಿಗಳನ್ನೂ ಕಟ್ಟಿ, ಚೀನಾದ ಅತಿ ದೊಡ್ಡ ಖಾಸಗಿ ಉದ್ಯಮಿಗಳ ಸಾಲಿಗೆ ಸೇರಿದವರು. ಅಂತಹ ಮನೆತನದ ಮಗ ಜವಳಿ ತಂತ್ರಜ್ಞಾನವನ್ನೋ ವಾಣಿಜ್ಯವನ್ನೋ ಓದುವುದು ಸಹಜವಾಗಿತ್ತು. ರೊಂಗ್ ಓದಿದ್ದು ಇತಿಹಾಸ. ಪದವಿ ಪಡೆದದ್ದು 1937ರಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಜಪಾನೀ ಸೇನೆಯೊಡನೆ ಯುದ್ಧ ಶಾಂಘೈಯನ್ನು ಆವರಿಸಿತು.

ಗಿರಣಿಯ ಕೆಲಸವನ್ನು ಅವರು ಕಲಿತದ್ದು ಗಿರಣಿಯಲ್ಲಿಯೇ. ಮನೆತನದ ಹಿಟ್ಟಿನ ಗಿರಣಿಯಲ್ಲಿ ಸಹಾಯಕ ವ್ಯವಸ್ಥಾಪಕರಾಗಿ ಸೇರಿದರು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಬಂಧುಗಳಲ್ಲಿ ಅನೇಕರು ದೇಶ ಬಿಟ್ಟರು, ಅವರು ಉಳಿದರು. 1956ರ ಹೊತ್ತಿಗೆ ಗಿರಣಿಗಳು ಸರ್ಕಾರದ ಜಂಟಿ ಒಡೆತನಕ್ಕೆ ಸೇರಿದವು. 1957ರಲ್ಲಿ ಶಾಂಘೈಯ ಉಪಮೇಯರ್, 1959ರಲ್ಲಿ ಜವಳಿ ಖಾತೆಯ ಉಪಸಚಿವರಾದರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ ಬಂಡವಾಳಶಾಹಿಯೆಂಬ ಹಣೆಪಟ್ಟಿ ಹೊತ್ತು ಹೊಡೆತವನ್ನೂ ಅವಮಾನವನ್ನೂ ಅನುಭವಿಸಿದರು.

1979ರ ಜನವರಿಯಲ್ಲಿ ಡೆಂಗ್ ಶಿಯಾವೊಪಿಂಗ್ ಐವರು ಹಳೆಯ ಉದ್ಯಮಿಗಳನ್ನು ಕರೆಸಿ, ಊಟಕ್ಕೆ ಕೂರಿಸಿಕೊಂಡು, ದೇಶದ ಆರ್ಥಿಕತೆಯನ್ನು ತೆರೆಯಲು ಅವರ ನೆರವು ಕೇಳಿದರು. ಅವರಲ್ಲಿ ರೊಂಗ್ ಒಬ್ಬರು. ಅದೇ ವರ್ಷ ಅವರ ನೇತೃತ್ವದಲ್ಲಿ ಸಿಟಿಕ್ ಎಂಬ ಹೂಡಿಕೆ ಸಂಸ್ಥೆ ಆರಂಭವಾಯಿತು. ಹಣದ ಕೊರತೆಯಿಂದ ಯಿಝೆಂಗ್ ಎಂಬಲ್ಲಿನ ಕೃತಕ ನೂಲಿನ ಕಾರ್ಖಾನೆಯ ನಿರ್ಮಾಣ ನಿಂತುಹೋಗುವ ಸ್ಥಿತಿ ಬಂದಾಗ, ಸಿಟಿಕ್ 1982ರಲ್ಲಿ ಜಪಾನಿನಲ್ಲಿ 1,000 ಕೋಟಿ ಯೆನ್ ಮೊತ್ತದ ಸಾಲಪತ್ರಗಳನ್ನು ಹೊರಡಿಸಿ ಹಣ ತಂದಿತು. ಬೇರೆ ದೇಶದ ಜನರಿಂದ ಸಾಲ ಎತ್ತುವುದೇ ತಪ್ಪೆಂದು ಭಾವಿಸಿದ್ದ ವ್ಯವಸ್ಥೆಯಲ್ಲಿ, ಅದೂ ಒಂದು ಕಾಲದಲ್ಲಿ ತಮ್ಮ ಊರನ್ನೇ ಆಕ್ರಮಿಸಿದ್ದ ದೇಶದಿಂದ, ಹೀಗೆ ಬಂಡವಾಳ ತರುವುದು ಸಣ್ಣ ಮಾತಾಗಿರಲಿಲ್ಲ. 1993ರಿಂದ 1998ರವರೆಗೆ ರೊಂಗ್ ಚೀನಾದ ಉಪಾಧ್ಯಕ್ಷರಾಗಿದ್ದರು. 2005ರಲ್ಲಿ ನಿಧನರಾದರು.

ಇತಿಹಾಸದ ಪದವಿಯಿಂದಲೇ ಇದೆಲ್ಲ ಆಯಿತೆಂದು ಹೇಳಿದರೆ ಅದು ಅತಿಶಯೋಕ್ತಿ. ಮನೆತನದ ಹೆಸರು, ಹೊರದೇಶಗಳಲ್ಲಿದ್ದ ಬಂಧುಗಳು, ಕಾಲದ ಅನುಕೂಲ ಎಲ್ಲವೂ ಸೇರಿದ್ದವು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಇತಿಹಾಸದ ಪದವಿ ಅವರಿಗೆ ಅಡ್ಡಿಯಾಗಲಿಲ್ಲ. ಯುದ್ಧ, ಕ್ರಾಂತಿ, ರಾಷ್ಟ್ರೀಕರಣ, ಮತ್ತೆ ಮುಕ್ತ ಮಾರುಕಟ್ಟೆ ಎಂಬ ನಾಲ್ಕು ಪಲ್ಲಟಗಳನ್ನು ಒಂದೇ ಬಾಳಿನಲ್ಲಿ ಕಂಡ ಮನುಷ್ಯನಿಗೆ, ಪದ್ಧತಿಗಳು ಹೇಗೆ ಬದಲಾಗುತ್ತವೆಂಬುದನ್ನು ಓದಿದ್ದು ವ್ಯರ್ಥವಾಗಿರಲಾರದು. ನೂಲುವ ಯಂತ್ರದ ಬಗ್ಗೆ 1937ರಲ್ಲಿ ಕಲಿತ ಯಾವ ಪಾಠವೂ 1979ರಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ.

ಪಾದ್ರಿಯಾಗಲು ಒಲ್ಲದ ವಿದ್ಯಾರ್ಥಿ

ಇನ್ನೊಬ್ಬ ಉದ್ಯಮಿಯ ಹೆಸರನ್ನೂ ಇಲ್ಲಿ ಹೇಳಬೇಕು. ಅವರು ಲಿಯು ಹೊಂಗ್‌ಶೆಂಗ್. ಸೇಂಟ್ ಜಾನ್ಸ್‌ನಲ್ಲಿ ಓದುತ್ತಿದ್ದಾಗ, ಅಮೆರಿಕಕ್ಕೆ ಕಳುಹಿಸಿ ಪಾದ್ರಿಯ ತರಬೇತಿ ಕೊಡಿಸುವುದಾಗಿ ಮುಖ್ಯಸ್ಥರು ಹೇಳಿದರೆಂದೂ, ಇವರು ಒಲ್ಲೆನೆಂದದ್ದರಿಂದ ಕಾಲೇಜು ಬಿಡಬೇಕಾಯಿತೆಂದೂ ಅವರ ಮನೆಯವರು ಹೇಳಿದ್ದಾರೆ. ಪದವಿಯಿಲ್ಲದೆ ಹೊರಬಂದ ಯುವಕನ ಬಳಿ ಉಳಿದದ್ದು ಇಂಗ್ಲಿಷ್ ಮತ್ತು ಧೈರ್ಯ. ಬ್ರಿಟಿಷರ ಗಣಿ ಕಂಪನಿಯ ಕಲ್ಲಿದ್ದಲನ್ನು ಶಾಂಘೈ ಸುತ್ತಮುತ್ತ ಮಾರುವ ಕೆಲಸ ಹಿಡಿದು, ಮೊದಲ ಮಹಾಯುದ್ಧದ ಕಾಲದಲ್ಲಿ ಹಣ ಗಳಿಸಿ, 1920ರಲ್ಲಿ ಬೆಂಕಿಕಡ್ಡಿ ಕಾರ್ಖಾನೆ ತೆರೆದರು. 1930ರಲ್ಲಿ ಪೈಪೋಟಿಯಲ್ಲಿ ಬಸವಳಿದಿದ್ದ ಕಾರ್ಖಾನೆಗಳನ್ನು ಒಂದುಗೂಡಿಸಿ ದೊಡ್ಡ ಕಂಪನಿ ಕಟ್ಟಿ, ಬೆಂಕಿಕಡ್ಡಿಯ ರಾಜನೆಂದು ಹೆಸರಾದರು. ಸಿಮೆಂಟ್, ಉಣ್ಣೆ, ಹಡಗುಕಟ್ಟೆ ಹೀಗೆ ಹಲವು ವ್ಯವಹಾರಗಳಲ್ಲಿ ಬಂಡವಾಳ ಹರಡಿದರು.

ಲಿಯು ತಮ್ಮ ಮಕ್ಕಳನ್ನು ಓದಿಸಿದ ರೀತಿಯೂ ಗಮನಾರ್ಹ. ಎಲ್ಲರನ್ನೂ ಒಂದೇ ಕಡೆ ಕಳುಹಿಸದೆ ಕೆಲವರನ್ನು ಬ್ರಿಟನ್ನಿಗೆ, ಕೆಲವರನ್ನು ಅಮೆರಿಕಕ್ಕೆ, ಕೆಲವರನ್ನು ಜಪಾನಿಗೆ ಕಳುಹಿಸಿದರು. ಬಂಡವಾಳವನ್ನು ಒಂದೇ ಸರಕಿನಲ್ಲಿ ತೊಡಗಿಸಬಾರದೆಂಬ ವ್ಯಾಪಾರಿಯ ಎಚ್ಚರವನ್ನೇ ಅವರು ವಿದ್ಯೆಗೂ ಅನ್ವಯಿಸಿದರು. ಸಗಟು ಖರೀದಿಯಲ್ಲಿ ಈ ಎಚ್ಚರವನ್ನು ಬಿಡದ ನಾವು, ಮನೆಯ ಮೂವರು ಮಕ್ಕಳನ್ನೂ ಒಂದೇ ಕೋರ್ಸಿಗೆ ಸೇರಿಸಿ ನಿಶ್ಚಿಂತರಾಗುತ್ತೇವೆ.

ಖರ್ಚಿನ ಪುಟ

ಜಮಾ ಪುಟವನ್ನಷ್ಟೇ ತೋರಿಸುವುದು ಒಳ್ಳೆಯ ಲೆಕ್ಕಿಗನ ಲಕ್ಷಣವಲ್ಲ. ಹೆಸರಾದವರ ಪಟ್ಟಿಯೆಂಬುದು ಲಾಭದಲ್ಲಿ ನಡೆದ ಅಂಗಡಿಗಳ ಪಟ್ಟಿಯಿದ್ದಂತೆ. ಬಾಗಿಲು ಮುಚ್ಚಿದ ಅಂಗಡಿಗಳು ಅದರಲ್ಲಿ ಕಾಣುವುದಿಲ್ಲ. ಸೇಂಟ್ ಜಾನ್ಸ್ ದುಬಾರಿ ಶುಲ್ಕದ ಸಂಸ್ಥೆ. ಅಲ್ಲಿಗೆ ಬಂದವರಲ್ಲಿ ಅನೇಕರು ಸಿರಿವಂತರ ಮಕ್ಕಳು. ಅವರ ಏಳಿಗೆಯಲ್ಲಿ ಕಾಲೇಜಿನ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ತೂಗಿ ಹೇಳುವ ತಕ್ಕಡಿಯಿಲ್ಲ. ವಿದ್ಯಾರ್ಥಿನಿಯರಿಗೆ ಅಲ್ಲಿ ಪ್ರವೇಶ ದೊರೆತದ್ದು 1936ರಲ್ಲಿ, ಅಂದರೆ ಸ್ಥಾಪನೆಯಾದ 57 ವರ್ಷಗಳ ನಂತರ.

ಇದಕ್ಕಿಂತ ದೊಡ್ಡ ಕೊರತೆ ಭಾಷೆಯದು. 1916ರಲ್ಲಿ ಪದವಿ ಪಡೆದ ಲಿನ್ ಯುಟಾಂಗ್, 1935ರಲ್ಲಿ ಚೀನಾ ದೇಶವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಜಗತ್ಪ್ರಸಿದ್ಧರಾದವರು. ಅಂತಹ ಲೇಖಕರೇ, ಬೈಬಲ್ಲಿನ ಜೆರಿಕೊ ಪಟ್ಟಣದ ಗೋಡೆಗಳು ತುತ್ತೂರಿಯ ದನಿಗೆ ಕುಸಿದ ಕಥೆ ತಮಗೆ ಬಾಲ್ಯದಿಂದ ಗೊತ್ತಿತ್ತೆಂದೂ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಕಣ್ಣೀರಿಗೆ ಚೀನಾದ ಮಹಾಗೋಡೆ ಕುಸಿದ ಕಥೆ, ಅಲ್ಲಿನ ಸಾಮಾನ್ಯ ಜನರೆಲ್ಲ ಬಲ್ಲ ಕಥೆ, ತಮಗೆ ತಿಳಿದದ್ದು ಬಹಳ ತಡವಾಗಿ ಎಂದೂ ನಾಚಿಕೆಯಿಂದ ಹೇಳಿಕೊಂಡಿದ್ದಾರೆ. ಪದವಿಯ ನಂತರ ಬೀಜಿಂಗಿಗೆ ಹೋಗಿ, ಪುಸ್ತಕದಂಗಡಿಗಳನ್ನು ಸುತ್ತಿ, ತಮ್ಮ ಸ್ವಂತ ಭಾಷೆಯ ಗ್ರಂಥಗಳನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ಆ ಸಾಲ ತೀರಿಸುವಂತೆಯೋ ಏನೋ, ಚೀನೀ ಲಿಪಿಗೆ ಬೆರಳಚ್ಚು ಯಂತ್ರವೊಂದನ್ನು ರೂಪಿಸಲು ತಮ್ಮ ಗಳಿಕೆಯಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಸುರಿದರು. 1947ರಲ್ಲಿ ಸಿದ್ಧವಾದ ಆ ಯಂತ್ರವನ್ನು ತಯಾರಿಸಿ ಮಾರಲು ಯಾವ ಕಂಪನಿಯೂ ಮುಂದಾಗಲಿಲ್ಲ. ಕಣ್ಮರೆಯಾಗಿದ್ದ ಅದರ ಮೂಲ ಮಾದರಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಪತ್ತೆಯಾಗಿ, 2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು.

ಸ್ವಂತ ನಾಡಿನ ಭಾವನೆಗಳಿಗೆ ಕಿವುಡಾದುದರ ಬೆಲೆಯನ್ನು ಸಂಸ್ಥೆ 1925ರಲ್ಲಿ ತೆತ್ತಿತು. ಆ ವರ್ಷದ ಮೇ 30ರಂದು ಶಾಂಘೈಯ ವಿದೇಶೀ ಆಡಳಿತದ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಸತ್ತವರ ಗೌರವಾರ್ಥ ವಿದ್ಯಾರ್ಥಿಗಳು ರಾಷ್ಟ್ರಧ್ವಜವನ್ನು ಅರ್ಧಕ್ಕಿಳಿಸಿ ಹಾರಿಸಲು ಮುಂದಾದಾಗ ಮುಖ್ಯಸ್ಥ ಪಾಟ್ ತಡೆದರು. ಶಾಲಾ ವಿಭಾಗವೂ ಸೇರಿ 500ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರೊಂದಿಗೆ ಅನೇಕ ಚೀನೀ ಅಧ್ಯಾಪಕರು, ಸಂಸ್ಥೆಯನ್ನು ಬಿಟ್ಟು ನಡೆದರು. ಅವರಿಗಾಗಿ ಗುವಾಂಗ್‌ಹುವಾ ಎಂಬ ಹೊಸ ವಿಶ್ವವಿದ್ಯಾಲಯವೇ ಅದೇ ವರ್ಷ ಹುಟ್ಟಿತು.

ಹಾಗೆ ಹೊರನಡೆದವರಲ್ಲಿ ಝೌ ಯೌಗುವಾಂಗ್ ಎಂಬ ತರುಣನೂ ಇದ್ದ. ಅರ್ಥಶಾಸ್ತ್ರ ಓದಿ ಬ್ಯಾಂಕಿನ ಉದ್ಯೋಗ ಹಿಡಿದು, ನ್ಯೂಯಾರ್ಕಿನಲ್ಲಿಯೂ ಕೆಲಸ ಮಾಡಿ, 1949ರಲ್ಲಿ ಸ್ವದೇಶಕ್ಕೆ ಮರಳಿದ. ಭಾಷಾಶಾಸ್ತ್ರ ಆತನಿಗೆ ಬಿಡುವಿನ ಹವ್ಯಾಸವಷ್ಟೇ. 1955ರಲ್ಲಿ, ಐವತ್ತರ ಅಂಚಿನಲ್ಲಿದ್ದಾಗ, ಲಿಪಿ ಸುಧಾರಣೆಯ ಸಮಿತಿಗೆ ಸರ್ಕಾರ ಆತನನ್ನು ಕರೆಯಿತು. ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ ಆ ಸಮಿತಿಯಲ್ಲಿ ರೂಪುಗೊಂಡು 1958ರಲ್ಲಿ ಅಂಗೀಕಾರವಾಯಿತು. ಅದರ ಪ್ರಮುಖ ಶಿಲ್ಪಿಯೆಂದು ಹೆಸರಾದ ಝೌ 2017ರಲ್ಲಿ, 111 ವರ್ಷ ತುಂಬಿದ ಮರುದಿನ, ತೀರಿಕೊಂಡರು. ಇಂದು ನಮ್ಮ ವರ್ತಕರು ಯಿವು ಪೇಟೆಯಿಂದ ಆಟಿಕೆಯನ್ನೋ ಬೀಗವನ್ನೋ ತರಿಸಿದಾಗ, ಪೆಟ್ಟಿಗೆಯ ಮೇಲೆ ರೋಮನ್ ಅಕ್ಷರಗಳಲ್ಲಿ ಓದುವ ಆ ಊರಿನ ಹೆಸರು ಬರೆದಿರುವುದು ಈ ಪದ್ಧತಿಯಲ್ಲಿಯೇ.

ಸೇಂಟ್ ಜಾನ್ಸ್ ಇಂದು ಇಲ್ಲ. 1952ರಲ್ಲಿ ಹೊಸ ಸರ್ಕಾರ ಅದನ್ನು ವಿಸರ್ಜಿಸಿ, ವಿಭಾಗಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿತು. ಅದರ ಕಟ್ಟಡಗಳಲ್ಲಿ ಈಗ ಕಾನೂನು ವಿಶ್ವವಿದ್ಯಾಲಯವಿದೆ. ಸಂಸ್ಥೆ ಅಳಿದರೂ ಅಲ್ಲಿ ಕಲಿತವರ ಕೆಲಸ ಉಳಿಯಿತು.

ನಮ್ಮ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಯಂತ್ರ ಕೊಳ್ಳುವ ಖರ್ಚನ್ನೂ ತಿಂಗಳ ವಿದ್ಯುತ್ ಬಿಲ್ಲನ್ನೂ ಒಂದೇ ಖಾತೆಯಲ್ಲಿ ಬರೆಯುವ ಗುಮಾಸ್ತನನ್ನು ನಾವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಬಂಡವಾಳ ವೆಚ್ಚ, ಇನ್ನೊಂದು ಚಾಲ್ತಿ ವೆಚ್ಚ. ಆದರೆ ಮಕ್ಕಳ ವಿದ್ಯೆಯನ್ನು ಅಳೆಯುವಾಗ ಇದೇ ತಪ್ಪನ್ನು ನಾವು ಮಾಡುತ್ತೇವೆ. ನಲವತ್ತು ವರ್ಷ ಕೆಲಸ ಮಾಡಬೇಕಾದ ಬುದ್ಧಿಯನ್ನು ಮೊದಲ ವರ್ಷದ ಸಂಬಳದಿಂದಲೋ, ನಾಳೆಯೇ ಅಂಗಡಿಗೆ ಒದಗುವ ಉಪಯೋಗದಿಂದಲೋ ತೂಗುತ್ತೇವೆ. ಕಾಲೇಜಿನವರು ಹಂಚುವ ಕರಪತ್ರಗಳಲ್ಲಿ ಎಷ್ಟು ಮಂದಿಗೆ ಎಷ್ಟು ಲಕ್ಷದ ನೌಕರಿ ಸಿಕ್ಕಿತೆಂಬ ಅಂಕಿಯನ್ನಷ್ಟೇ ನೋಡುತ್ತೇವೆ. ಹದಿನೈದು ವರ್ಷ ಹಿಂದೆ ಅಲ್ಲಿಂದ ಹೊರಬಂದವರು ಇಂದು ಏನು ಮಾಡುತ್ತಿದ್ದಾರೆಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕು. ಒಂದು ಸಂಸ್ಥೆಯ ಹಳೆಯ ವಿದ್ಯಾರ್ಥಿಗಳೆಲ್ಲ ಒಂದೇ ಬಗೆಯ ಕೆಲಸದಲ್ಲಿದ್ದರೆ, ಆ ಕೆಲಸ ಹೋದ ದಿನ ಎಲ್ಲರೂ ಒಟ್ಟಿಗೆ ಬೀದಿಗೆ ಬೀಳುತ್ತಾರೆ.

ಕಳೆದ ಕೆಲವು ವರ್ಷಗಳನ್ನೇ ನೆನೆಯಿರಿ. 2016ರಲ್ಲಿ ನೋಟು ರದ್ದತಿ, 2017ರಲ್ಲಿ ಜಿ.ಎಸ್.ಟಿ., 2020ರಲ್ಲಿ ಕೊರೊನಾ ಬೀಗಮುದ್ರೆ. ಇವು ಯಾವುವೂ ನಾವು ಕಾಲೇಜಿನಲ್ಲಿ ಓದಿದ ಪುಸ್ತಕದಲ್ಲಿರಲಿಲ್ಲ. ಈ ಹೊಡೆತಗಳನ್ನು ತಾಳಿಕೊಂಡವರು ಯಾವ ಕೋರ್ಸು ಓದಿದವರು ಎಂಬುದಕ್ಕಿಂತ, ಹೊಸದನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು, ಎದುರಿನವನಿಗೆ ತಿಳಿಯುವಂತೆ ಮಾತನಾಡಬಲ್ಲವರು, ಹಳೆಯ ಪದ್ಧತಿ ಮುಗಿಯಿತೆಂದು ಬೇಗ ಒಪ್ಪಿಕೊಂಡವರು ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳಿದಾಗ ಯಾವ ಕೋಶವೆಂದು ಕಟ್ಟು ಹಾಕಲಿಲ್ಲ.

ಹಾಗೆಂದು ಎಲ್ಲರೂ ಬಿ.ಎ. ಓದಬೇಕೆಂಬುದು ನನ್ನ ವಾದವಲ್ಲ. ಲೆಕ್ಕದಲ್ಲಿ ಮನಸ್ಸಿರುವ ಮಗನಿಗೆ ವಾಣಿಜ್ಯವೇ ಸರಿ. ಯಂತ್ರದಲ್ಲಿ ಮನಸ್ಸಿರುವ ಮಗಳಿಗೆ ಎಂಜಿನಿಯರಿಂಗೇ ಸರಿ. ಮನಸ್ಸಿಲ್ಲದ ಕಡೆ ನೂಕಬಾರದೆಂಬುದಷ್ಟೇ ಬೇಡಿಕೆ. ಅದರ ಜೊತೆಗೆ, ಯಾವ ಕಾಲೇಜೂ ಕೊಡಲಾರದ ಎರಡನ್ನು ಮನೆಯೇ ಕೊಡಬೇಕು.

ಮೊದಲನೆಯದು ಕಸುಬು. ಯಾವ ಕೋರ್ಸನ್ನೇ ಓದಲಿ, ರಜೆಯ ದಿನಗಳಲ್ಲಿ ಮಕ್ಕಳು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕುಳಿತು ದಾಸ್ತಾನು ಎಣಿಸುವುದು, ಬಿಲ್ಲು ಬರೆಯುವುದು, ಜಿ.ಎಸ್.ಟಿ. ರಿಟರ್ನ್ ಸಿದ್ಧಪಡಿಸುವುದು, ಬಾಕಿ ವಸೂಲಿಗೆ ಹೋಗುವುದು ಇವನ್ನು ಕಲಿಯಲಿ. ರೊಂಗ್ ಹಿಟ್ಟಿನ ವ್ಯಾಪಾರವನ್ನು ಕಲಿತದ್ದು ಹಿಟ್ಟಿನ ಗಿರಣಿಯಲ್ಲಿ, ಲಿಯು ಮಾರಾಟವನ್ನು ಕಲಿತದ್ದು ಕಲ್ಲಿದ್ದಲಿನ ಧೂಳಿನಲ್ಲಿ.

ಎರಡನೆಯದು ಭಾಷೆ. ಇಂಗ್ಲಿಷ್ ಬೇಕು, ಅದರ ಉಪಯೋಗವನ್ನು ಮೇಲಿನ ಪ್ರತಿಯೊಬ್ಬರ ಬಾಳೂ ಸಾರುತ್ತದೆ. ಆದರೆ ಲಿನ್ ಯುಟಾಂಗ್ ಪಟ್ಟ ನಾಚಿಕೆಯನ್ನು ನಮ್ಮ ಮಕ್ಕಳು ಪಡಬಾರದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಒಂದು ಸಂದಾಯ ಪತ್ರವನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆಯಬಲ್ಲರು? ಗಿರಣಿಯ ಹಮಾಲನೊಡನೆ, ಮಾಲು ತರುವ ರೈತನೊಡನೆ, ತಾಲ್ಲೂಕು ಕಚೇರಿಯ ಗುಮಾಸ್ತನೊಡನೆ ಅವರವರ ಮಾತಿನಲ್ಲಿ ವ್ಯವಹರಿಸಲಾರದವನು ಎಷ್ಟು ದೊಡ್ಡ ಪದವಿ ಪಡೆದರೂ ಇಲ್ಲಿನ ವ್ಯಾಪಾರಕ್ಕೆ ಅರ್ಧ ಕುರುಡ. ಮನೆಗೆ ಒಂದು ಕನ್ನಡ ದಿನಪತ್ರಿಕೆ ತರಿಸಿ ಮಕ್ಕಳಿಂದ ಓದಿಸುವ ಖರ್ಚು ತಿಂಗಳಿಗೆ ಒಂದು ಹೋಟೆಲ್ ಊಟದಷ್ಟೂ ಆಗದು.

ನಮ್ಮ ಸಂಸ್ಥೆಯೂ ಇದರಲ್ಲಿ ಸ್ವಲ್ಪ ಮಾಡಬಹುದು. ಸದಸ್ಯರ ಘಟಕಗಳಲ್ಲಿ ರಜಾಕಾಲದ ತರಬೇತಿಗೆ ವಾಣಿಜ್ಯ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೇ ಕರೆಯುವ ರೂಢಿ ಬಿಟ್ಟು, ಕಲಾ ಮತ್ತು ವಿಜ್ಞಾನ ವಿಭಾಗದವರಿಗೂ ಬಾಗಿಲು ತೆರೆಯಬೇಕು. ಶುಲ್ಕ ಕಟ್ಟಲಾರದ ಮನೆಗಳ ಮಕ್ಕಳಿಗೆ ಆದ್ಯತೆ ಕೊಡಬೇಕು. ಶಾಂಘೈಯ ಆ ಹೆಬ್ಬಾಗಿಲು ಬಹುಮಟ್ಟಿಗೆ ಸಿರಿವಂತರಿಗಷ್ಟೇ ತೆರೆದಿತ್ತೆಂಬ ಕೊರತೆಯನ್ನು ನಾವಾದರೂ ಮತ್ತೆ ಮಾಡದಿರೋಣ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಬೇಳೆ ಗಿರಣಿಯ ಆ ಸದಸ್ಯ ಮಿತ್ರರಿಗೆ ನನ್ನ ಉತ್ತರ ಇಷ್ಟೇ: ಮಗಳು ಇತಿಹಾಸ ಓದಲಿ. ಪ್ರತಿ ಶನಿವಾರ ಸಂಜೆ ಗಿರಣಿಗೆ ಬಂದು ರೋಕಡಿ ಪುಸ್ತಕ ಬರೆಯಬೇಕೆಂಬ ಷರತ್ತನ್ನು ಮಾತ್ರ ತಪ್ಪದೆ ಹಾಕಿರಿ. ಮೂರು ವರ್ಷ ಕಳೆದ ಮೇಲೆ ಅವಳು ಗಿರಣಿ ನಡೆಸುವಳೋ, ಅಧ್ಯಾಪಕಿಯಾಗುವಳೋ, ಇನ್ನೇನಾಗುವಳೋ ನಾವು ಬಲ್ಲವರಲ್ಲ. ಮಳೆಯ ವಿಷಯದಲ್ಲಿ ನಮಗಿರುವ ವಿನಯವನ್ನು ಇಲ್ಲಿಯೂ ಸ್ವಲ್ಪ ಇಟ್ಟುಕೊಂಡರೆ ನಷ್ಟವೇನೂ ಇಲ್ಲ.